ಜಾತಿ ಇದೆ ಅಂದದ್ದೂ ಕೋರ್ಟಿನಲ್ಲೇ, ಇಲ್ಲ ಅಂದದ್ದೂ ಕೋರ್ಟಿನಲ್ಲೇ: ಅಮೆರಿಕದ ಕಾನೂನು ಮತ್ತು ನಮ್ಮ ಕೇರಿ

ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದ್ರಿ, ಆಮೇಲೆ ಜಗಳ ಆಡೋಣ.

"ಅಮೆರಿಕದಲ್ಲಿ ಜಾತಿ ಇಲ್ಲ ಅಂತ ಅಲ್ಲಿನ ಸರ್ಕಾರವೇ ಒಪ್ಪಿಕೊಂಡಿದೆ, ಕ್ಯಾಲಿಫೋರ್ನಿಯಾದಲ್ಲಿ ಬಿಲ್ ಬಿದ್ದೋಯ್ತು" ಅನ್ನೋ ಮಾತು ಇವತ್ತಿಗೂ ನಮ್ಮ ಹೊಸಪೇಟೆ, ಸಂಡೂರು ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡ್ತಾ ಇದೆ. ಹೇಳೋರು ಬಹಳ ಖುಷಿಯಿಂದ ಹೇಳ್ತಾರೆ. ಬಿಲ್ ಬಿದ್ದದ್ದು ನಿಜ. 2023ರಲ್ಲಿ ಆಯಿಷಾ ವಹಾಬ್ ಎಂಬ ಸೆನೆಟರ್ ತಂದ ಎಸ್‌ಬಿ 403 ಮಸೂದೆ ಆ ವರ್ಷದ ಮೇ ತಿಂಗಳಲ್ಲಿ ಸೆನೆಟ್‌ನಲ್ಲಿ 34–1 ಮತಗಳಿಂದ ಪಾಸಾಯಿತು, ಅಸೆಂಬ್ಲಿಯಲ್ಲೂ ಪಾಸಾಯಿತು. ಅಕ್ಟೋಬರ್ 7ರಂದು ಗವರ್ನರ್ ಗ್ಯಾವಿನ್ ನ್ಯೂಸಮ್ ವೀಟೋ ಮಾಡಿದರು. ಆದರೆ ವೀಟೋ ಪತ್ರದಲ್ಲಿ ಜಾತಿ ಇಲ್ಲ ಅಂತ ಎಲ್ಲೂ ಇಲ್ಲ. ಲಿಂಗ, ಜನಾಂಗ, ಬಣ್ಣ, ಧರ್ಮ, ವಂಶಮೂಲ, ರಾಷ್ಟ್ರೀಯ ಮೂಲ ಇವುಗಳ ಮೇಲಿನ ತಾರತಮ್ಯವನ್ನು ನಮ್ಮ ಕಾನೂನು ಈಗಾಗಲೇ ನಿಷೇಧಿಸಿದೆ, ಜಾತಿ ತಾರತಮ್ಯವೂ ಅದರೊಳಗೇ ಬರುತ್ತದೆ, ಹಾಗಾಗಿ ಈ ಮಸೂದೆ ಅನಗತ್ಯ ಅಂತ ಇದೆ. "ಜಾತಿ ಇಲ್ಲ" ಅನ್ನೋದಕ್ಕೂ "ಜಾತಿ ತಾರತಮ್ಯಕ್ಕೆ ಆಗಲೇ ಕಾನೂನಿದೆ" ಅನ್ನೋದಕ್ಕೂ ಎಷ್ಟು ದೂರ ಅಂತ ಬಿಡಿಸಿ ಹೇಳಬೇಕಿಲ್ಲ.

ಆದರೂ ಆ "ಅನಗತ್ಯ" ಎಂಬ ಪದ ನನ್ನನ್ನು ಕಾಡುತ್ತದೆ. ಈ ಪದಕ್ಕೆ ಅಲ್ಲಿ ದೊಡ್ಡ ಚರಿತ್ರೆ ಇದೆ, ಇಲ್ಲೂ ಇದೆ. ಸ್ವಲ್ಪ ಹಿಂದಕ್ಕೆ ಹೋಗೋಣ.

ಜಾತಿ ಎಂಬ ಪದವನ್ನು ಅಮೆರಿಕಕ್ಕೆ ತೆಗೆದುಕೊಂಡು ಹೋದವರು ಈಗಿನ ದಲಿತ ಹೋರಾಟಗಾರರು ಅಂತ ಬಹಳ ಜನ ತಿಳಿದಿದ್ದಾರೆ. ಸುಳ್ಳು. 1849ರಲ್ಲೇ ಅದು ಅಲ್ಲಿನ ಕೋರ್ಟಿನೊಳಗೆ ಹೋಗಿತ್ತು. ಬಾಸ್ಟನ್‌ನಲ್ಲಿ ಸಾರಾ ರಾಬರ್ಟ್ಸ್ ಅಂತ ಐದು ವರ್ಷದ ಕಪ್ಪು ಹುಡುಗಿ. ದಾರಿಯಲ್ಲಿ ಬಿಳಿ ಮಕ್ಕಳ ಶಾಲೆಗಳಿದ್ದರೂ ಅವನ್ನೆಲ್ಲ ದಾಟಿಕೊಂಡು ದೂರದ ಕಪ್ಪು ಮಕ್ಕಳ ಶಾಲೆಗೆ ನಡೆದು ಹೋಗಬೇಕಿತ್ತು. ಅವಳ ಅಪ್ಪ ಕೇಸು ಹಾಕಿದ. ಅವಳ ಪರವಾಗಿ ವಾದಿಸಿದವರು ಚಾರ್ಲ್ಸ್ ಸಮ್ನರ್, ಜೊತೆಗೆ ರಾಬರ್ಟ್ ಮಾರಿಸ್ ಎಂಬ ಕಪ್ಪು ವಕೀಲರು. ಸಮ್ನರ್ ತಮ್ಮ ವಾದದಲ್ಲಿ ಹಿಂದೂಸ್ತಾನದ ಜಾತಿಯನ್ನು ಎದುರಿಗಿಟ್ಟು, ಬಾಸ್ಟನ್ ಶಾಲೆಗಳಲ್ಲಿ ನಡೆಯುತ್ತಿರುವುದೂ ಅದೇ ಅಂದರು. ಕೋರ್ಟು ಒಪ್ಪಲಿಲ್ಲ, 1850ರಲ್ಲಿ ಆ ಹುಡುಗಿಯ ವಿರುದ್ಧ ತೀರ್ಪು ಬಂತು. ಐದು ವರ್ಷ ಆದಮೇಲೆ, 1855ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಯೇ ಕಾಯ್ದೆ ಮಾಡಿ ಶಾಲೆಗಳಲ್ಲಿನ ಈ ಭೇದವನ್ನು ನಿಲ್ಲಿಸಿತು. ಕೋರ್ಟಿನಲ್ಲಿ ಸೋತದ್ದು ಕಾಯ್ದೆಯಿಂದ ಸಿಕ್ಕಿತು. ಇದನ್ನು ನೆನಪಿನಲ್ಲಿಡಿ.

ಮುಂದೆ 1896. ಹೋಮರ್ ಪ್ಲೆಸಿ ಬಿಳಿಯರ ರೈಲು ಬೋಗಿಯಲ್ಲಿ ಕೂತದ್ದಕ್ಕೆ ಆದ ಕೇಸು. ಸುಪ್ರೀಂ ಕೋರ್ಟಿನಲ್ಲಿ 7–1. ಬೇರೆ ಬೇರೆ ಬೋಗಿ ಇಟ್ಟರೆ ತಪ್ಪಿಲ್ಲ ಅಂತ ಏಳು ಜನ. ಒಬ್ಬರೇ ಭಿನ್ನಮತ ಬರೆದವರು ನ್ಯಾಯಮೂರ್ತಿ ಜಾನ್ ಮಾರ್ಷಲ್ ಹಾರ್ಲನ್. ನಮ್ಮ ಸಂವಿಧಾನ ಬಣ್ಣ ನೋಡುವುದಿಲ್ಲ ಎಂಬ ಅವರ ಮಾತು ಈಗ ಲೋಕಪ್ರಸಿದ್ಧ. ಅದರ ಹಿಂದಿನ ವಾಕ್ಯ ಯಾರೂ ಹೇಳೋದಿಲ್ಲ: ಈ ದೇಶದಲ್ಲಿ ಜಾತಿ ಇಲ್ಲ ಅಂತ ಬರೆದಿದ್ದಾರೆ. ಅದೇ ಪ್ಯಾರಾ ಶುರುವಾಗೋದು ಇನ್ನೊಂದು ಮಾತಿನಿಂದ. ಬಿಳಿ ಜನಾಂಗ ತನ್ನನ್ನು ಮೇಲುಗೈ ಜನಾಂಗ ಅಂದುಕೊಂಡಿದೆ. ಗೌರವ, ಸಾಧನೆ, ವಿದ್ಯೆ, ಸಂಪತ್ತು, ಅಧಿಕಾರ ಎಲ್ಲದರಲ್ಲೂ ಅದು ನಿಜವೂ ಹೌದು ಅಂತ. ಅಂದ್ರೆ ಜೀವನದಲ್ಲಿ ಮೇಲು ಕೀಳು ಇದ್ದೇ ಇದೆ, ಇರಲಿ. ಕಾನೂನಿನ ಕಣ್ಣಿಗೆ ಮಾತ್ರ ಕಾಣಬಾರದು. ಹಾರ್ಲನ್ ಆ ಕಾಲಕ್ಕೆ ದೊಡ್ಡ ಮನುಷ್ಯ, ಅನುಮಾನ ಇಲ್ಲ. ಆದರೆ ಅವರ ಆ ಒಂದು ಮಾತನ್ನು 127 ವರ್ಷದ ಮೇಲೆ ಯಾರು ಯಾಕೆ ಎತ್ತಿಕೊಂಡರು ಅನ್ನೋದು ಮುಂದೆ ಬರುತ್ತದೆ.

ಇಲ್ಲಿಯವರೆಗೆ ಅಮೆರಿಕದ ಕಾನೂನಿಗೆ ಜಾತಿ ಒಂದು ಹೋಲಿಕೆ ಅಷ್ಟೇ. ನಿಜವಾದ ಜಾತಿ ಆ ಕೋರ್ಟಿನ ಮೆಟ್ಟಿಲು ಹತ್ತಿದ್ದು 1923ರಲ್ಲಿ. ಹತ್ತಿಸಿದವರು ನಮ್ಮವರೇ, ಅಂದ್ರೆ ಭಾರತೀಯರೇ.

ಭಗತ್ ಸಿಂಗ್ ಥಿಂಡ್. ಅಮೃತಸರ ಕಡೆಯ ಸಿಖ್, ಗದರ್ ಚಳವಳಿಯ ಒಡನಾಟ ಇದ್ದವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಆಗಿನ ಕಾನೂನಿನ ಪ್ರಕಾರ ಪೌರತ್ವ ಸಿಗಬೇಕಾದರೆ ಬಿಳಿಯರಾಗಿರಬೇಕು, ಇಲ್ಲವೇ ಆಫ್ರಿಕಾ ಮೂಲದವರಾಗಿರಬೇಕು. ಥಿಂಡ್ ಆಫ್ರಿಕಾದವರಲ್ಲ, ಉಳಿದದ್ದು ಬಿಳಿ ಬಾಗಿಲೊಂದೇ. ಅದನ್ನು ತೆರೆಯಲು ಅವರ ಕಡೆಯವರು ಹಿಡಿದ ಬೀಗದ ಕೈ ಜಾತಿ! ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಶ್ನೆಯೇ ಹೀಗಿತ್ತು: ಪೂರ್ಣ ಭಾರತೀಯ ರಕ್ತದ ಮೇಲ್ಜಾತಿ ಹಿಂದೂ ಒಬ್ಬ ಬಿಳಿಯ ಎನಿಸಿಕೊಳ್ಳುತ್ತಾನೋ ಇಲ್ಲವೋ? (ಆಗ ಅಲ್ಲಿ ಭಾರತದಿಂದ ಬಂದವರೆಲ್ಲ "ಹಿಂದೂ"ಗಳೇ, ಸಿಖ್ಖರೂ ಸೇರಿ.) ನಾವು ಆರ್ಯರು, ಜಾತಿ ಪದ್ಧತಿಯಿಂದ ರಕ್ತ ಬೆರಕೆಯಾಗದಂತೆ ಕಾಪಾಡಿಕೊಂಡಿದ್ದೇವೆ ಅಂತ ವಾದ. ಇನ್ನೂ ಮುಂದೆ ಹೋಗಿ, ಮದುವೆ ವಿಷಯಕ್ಕೆ ಬಂದರೆ ಅಮೆರಿಕದವನು ನೀಗ್ರೋನನ್ನು ಹೇಗೆ ನೋಡುತ್ತಾನೋ ಮೇಲ್ಜಾತಿ ಹಿಂದೂ ಇಲ್ಲಿನ ಮೂಲನಿವಾಸಿಯನ್ನು ಹಾಗೇ ನೋಡುತ್ತಾನೆ ಅಂತ ಲಿಖಿತ ವಾದದಲ್ಲಿ ಹಾಕಿದರು. ನಾವೂ ನಿಮ್ಮಂಗೇ ಮುಟ್ಟಿಸಿಕೊಳ್ಳೋದಿಲ್ಲ, ಹಂಗಾಗಿ ನಾವೂ ನಿಮ್ಮವರೇ ಅಂತ.

ಫೆಬ್ರವರಿ 19, 1923ರಂದು ನ್ಯಾಯಮೂರ್ತಿ ಸದರ್ಲ್ಯಾಂಡ್ ತೀರ್ಪು ಕೊಟ್ಟರು. ಪಂಡಿತರ ಆರ್ಯ ಸಿದ್ಧಾಂತ ನಮಗೆ ಬೇಡ, ಸಾಮಾನ್ಯ ಬಿಳಿ ಮನುಷ್ಯನ ಕಣ್ಣಿಗೆ ಇವರು ಬಿಳಿಯರಲ್ಲ ಅಂದರು. ಜಾತಿ ನಿಯಮಗಳು ರಕ್ತ ಬೆರಕೆಯನ್ನು ಪೂರ್ತಿ ತಡೆದಂತೆಯೂ ಕಾಣುವುದಿಲ್ಲ ಅಂತ ಸೇರಿಸಿದರು. ಥಿಂಡ್ ಸೋತರು. ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದಲೂ ಅದನ್ನು ಕಿತ್ತುಕೊಂಡರು. ಥಿಂಡ್‌ಗೆ ಕೊನೆಗೆ 1936ರಲ್ಲಿ ಮಾಜಿ ಸೈನಿಕರ ಕಾಯ್ದೆಯಡಿ ಪೌರತ್ವ ಸಿಕ್ಕಿತು. ಅವರನ್ನು ಬೈಯೋದು ನನ್ನ ಉದ್ದೇಶ ಅಲ್ಲ. ಬಿಳಿಯರ ಜನಾಂಗೀಯ ಕಾನೂನು ಅವರನ್ನು ಮೂಲೆಗೆ ಒತ್ತಿತ್ತು. ಆದರೆ ಇದು ದಾಖಲೆ: ಜಾತಿಯಿಂದ ಲಾಭ ಇದೆ ಅನ್ನಿಸಿದಾಗ, ಹೌದು ನಮಗೆ ಜಾತಿ ಇದೆ, ನಾವು ಮೇಲ್ಜಾತಿಯವರು ಅಂತ ಅಮೆರಿಕದ ಸುಪ್ರೀಂ ಕೋರ್ಟಿಗೆ ಬರೆದುಕೊಟ್ಟಿದ್ದಾರೆ. ಜಾತಿ ಅನ್ನೋದು ಬ್ರಿಟಿಷರ ಸೃಷ್ಟಿ, ಹೊರಗಿನವರು ನಮ್ಮ ಮೇಲೆ ಹೇರಿದ್ದು ಅಂತ ಆವತ್ತು ಯಾಕೆ ನೆನಪಾಗಲಿಲ್ಲ?

ಇದಕ್ಕೂ ಏಳು ವರ್ಷ ಮುಂಚೆ, 1916ರ ಮೇ 9ರಂದು, ಅದೇ ದೇಶದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 25 ವರ್ಷದ ಬಾಬಾಸಾಹೇಬರು ಭಾರತದ ಜಾತಿಗಳ ಬಗ್ಗೆ ತಮ್ಮ ಪ್ರಬಂಧ ಓದಿದರು. ಹಿಂದೂಗಳು ಬೇರೆ ದೇಶಗಳಿಗೆ ವಲಸೆ ಹೋದರೆ ಜಾತಿ ಜಗತ್ತಿನ ಸಮಸ್ಯೆಯಾಗುತ್ತದೆ ಎಂಬ ಮಾತು ಅದರಲ್ಲಿದೆ. ಬಾಬಾಸಾಹೇಬರ ಫೋಟೋ ಹಾಕಿ ಈ ಮಾತನ್ನು ನಾವೆಲ್ಲ ಹಂಚ್ತೀವಿ. ಅದು ಅವರು ಶ್ರೀಧರ ಕೇತ್ಕರ್ ಅವರ ಪುಸ್ತಕದಿಂದ ಎತ್ತಿಕೊಂಡದ್ದು. ಕೇತ್ಕರ್ ಮಹಾರಾಷ್ಟ್ರದ ಬ್ರಾಹ್ಮಣ ವಿದ್ವಾಂಸರು, ಅವರೂ ನ್ಯೂಯಾರ್ಕ್ ರಾಜ್ಯದ ಕಾರ್ನೆಲ್‌ನಲ್ಲಿ ಓದಿದವರು. ನನ್ನ ಪ್ರಕಾರ ಇದರಿಂದ ಮಾತಿನ ತೂಕ ಹೆಚ್ಚೇ ಆಗುತ್ತದೆ. ಜಾತಿ ಹಡಗು ಹತ್ತುತ್ತದೆ ಅಂತ ಆ ಕಾಲದಲ್ಲೇ ಬ್ರಾಹ್ಮಣರಿಗೂ ಗೊತ್ತಿತ್ತು, ಅಸ್ಪೃಶ್ಯರಿಗೂ ಗೊತ್ತಿತ್ತು.

ಮುಂದಿನದ್ದನ್ನು ಬೇಗ ಹೇಳ್ತೀನಿ. 1946ರಲ್ಲಿ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು, ವರ್ಷಕ್ಕೆ 100 ಜನರ ಕೋಟಾ. ಅದೇ ವರ್ಷ ಬಾಬಾಸಾಹೇಬರು ಕಪ್ಪು ಜನರ ನಾಯಕ ಡುಬೋಯ್ಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಕಪ್ಪು ಜನ ಕೊಟ್ಟ ಮನವಿಯ ಪ್ರತಿ ಕೇಳಿದರು. ಡುಬೋಯ್ಸ್ ಉತ್ತರ ಬರೆದರು. 1964ರಲ್ಲಿ ಕಪ್ಪು ಜನರ ಹೋರಾಟದಿಂದ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಕೆಲಸದ ಜಾಗದಲ್ಲಿ ಜನಾಂಗ, ಬಣ್ಣ, ಧರ್ಮ, ಲಿಂಗ, ರಾಷ್ಟ್ರೀಯ ಮೂಲದ ಮೇಲೆ ತಾರತಮ್ಯ ಮಾಡಬಾರದು ಅಂತ. ಜಾತಿ ಆ ಪಟ್ಟಿಯಲ್ಲಿಲ್ಲ. 1965ರ ವಲಸೆ ಕಾಯ್ದೆ ಕಪ್ಪು ಜನರ ಹೋರಾಟದ ಗಾಳಿಯಲ್ಲೇ ಬಂದದ್ದು, ಅದು ಡಾಕ್ಟರು, ಎಂಜಿನಿಯರುಗಳಿಗೆ ದಾರಿ ಮಾಡಿಕೊಟ್ಟಿತು. 1965ರ ಭಾರತದಲ್ಲಿ ಡಾಕ್ಟರು ಎಂಜಿನಿಯರುಗಳು ಯಾವ ಬೀದಿಯವರು? ಬಂಡ್ರಿಯ ಕೇರಿಯವರಂತೂ ಅಲ್ಲ. ಕಪ್ಪು ಜನ ರಕ್ತ ಸುರಿಸಿ ತೆಗೆದ ಬಾಗಿಲಲ್ಲಿ ಮೊದಲು ಒಳಗೆ ಹೋದವರು ಅಗ್ರಹಾರದ ಮಕ್ಕಳು.

ನಮ್ಮವರು ಹೋಗೋದಕ್ಕೆ ಮತ್ತೆ ಮೂವತ್ತು ನಲವತ್ತು ವರ್ಷ ಬೇಕಾಯಿತು. ಮೀಸಲಾತಿಯಿಂದ ಓದಿದ ಮೊದಲ ತಲೆಮಾರಿನ ಮಕ್ಕಳು, ಸಾಫ್ಟ್‌ವೇರ್ ಹುಡುಗ ಹುಡುಗಿಯರು. ಅಲ್ಲಿ ಏನಾಯಿತು ಅನ್ನೋದಕ್ಕೆ ಸಿಸ್ಕೋ ಕೇಸು ಓದಬೇಕು.

ಜೂನ್ 30, 2020ರಂದು ಕ್ಯಾಲಿಫೋರ್ನಿಯಾ ರಾಜ್ಯದ ಇಲಾಖೆಯೇ ಸಿಸ್ಕೋ ಕಂಪನಿ ಮತ್ತು ಅದರ ಇಬ್ಬರು ಭಾರತೀಯ ಮೂಲದ ಮ್ಯಾನೇಜರುಗಳ ಮೇಲೆ ಮೊಕದ್ದಮೆ ಹೂಡಿತು. ದೂರುದಾರ ಒಬ್ಬ ದಲಿತ ಎಂಜಿನಿಯರ್, ದಾಖಲೆಯಲ್ಲಿ "ಜಾನ್ ಡೋ" ಎಂಬ ಸುಳ್ಳು ಹೆಸರು. ಆಪಾದನೆ ಏನಂದ್ರೆ, ಈತ ಐಐಟಿಗೆ ಮೀಸಲಾತಿಯಲ್ಲಿ ಬಂದವನು ಅಂತ ಮೇಲಿನವರು ಸಹೋದ್ಯೋಗಿಗಳಿಗೆ ಹೇಳಿದರು. ಅದನ್ನು ಪ್ರಶ್ನಿಸಿ ದೂರು ಕೊಟ್ಟ ಮೇಲೆ ಕೆಲಸದಲ್ಲಿ ಮೂಲೆಗೆ ತಳ್ಳಿದರು. ಕಂಪನಿಯೂ ಮ್ಯಾನೇಜರುಗಳೂ ಇದನ್ನು ಅಲ್ಲಗಳೆದರು. 2023ರ ಏಪ್ರಿಲ್‌ನಲ್ಲಿ ಇಲಾಖೆ ಇಬ್ಬರು ಮ್ಯಾನೇಜರುಗಳ ಮೇಲಿನ ಕೇಸನ್ನು ತಾನೇ ವಾಪಸ್ ತೆಗೆದುಕೊಂಡಿತು, ಕಂಪನಿಯ ಮೇಲಿನದನ್ನು ಬಿಡಲಿಲ್ಲ. ಯಾರು ತಪ್ಪಿತಸ್ಥರು ಅನ್ನೋ ತೀರ್ಪು ನಾನು ಕೊಡೋದಿಲ್ಲ. ನನಗೆ ಮುಖ್ಯ ಅನ್ನಿಸೋದು ದೂರಿನಲ್ಲಿರುವ ಇನ್ನೊಂದು ಅಂಶ: 2016ರಲ್ಲಿ ಆತ ಕಂಪನಿಯ ಎಚ್‌ಆರ್ ವಿಭಾಗಕ್ಕೆ ಹೋದಾಗ, ಜಾತಿ ತಾರತಮ್ಯ ಕಾನೂನುಬಾಹಿರ ಅಲ್ಲ ಅಂತ ಅಲ್ಲಿ ತೀರ್ಮಾನ ಮಾಡಿದರು ಅಂತ ದೂರು ಹೇಳುತ್ತದೆ.

"ಈಗಾಗಲೇ ಕಾನೂನಿದೆ" ಅಂತ ಗವರ್ನರ್ ಹೇಳೋದು 2023ರಲ್ಲಿ. ಪಟ್ಟಿಯಲ್ಲಿ ನಿನ್ನ ಪದ ಇಲ್ಲ ಅನ್ನೋ ಉತ್ತರ 2016ರಲ್ಲಿ. ದೊಡ್ಡ ಪ್ರೊಫೆಸರು ಇರುವ ಕಾನೂನಿನಲ್ಲೇ ಜಾತಿಯನ್ನು ಓದಿಕೊಳ್ಳಬಹುದು. ಎಚ್‌ಆರ್‌ನಲ್ಲಿ ಕೂತ ಮನುಷ್ಯನಿಗೆ ಪಟ್ಟಿ ಬೇಕು.

ಪ್ರೊಫೆಸರುಗಳ ವಾದವನ್ನು ಹಗುರ ಮಾಡ್ತಿಲ್ಲ. 2021ರಲ್ಲಿ ಗುಹಾ ಕೃಷ್ಣಮೂರ್ತಿ ಮತ್ತು ಚರಣ್ಯ ಕೃಷ್ಣಸ್ವಾಮಿ ಇಬ್ಬರೂ ಹಾರ್ವರ್ಡ್ ಲಾ ರಿವ್ಯೂನ ಆನ್‌ಲೈನ್ ವೇದಿಕೆಯಲ್ಲಿ ಬರೆದು, 1964ರ ಕಾಯ್ದೆಯ ಜನಾಂಗ, ಧರ್ಮ, ರಾಷ್ಟ್ರೀಯ ಮೂಲ ಎಂಬ ಪದಗಳ ಒಳಗೇ ಜಾತಿ ಬರುತ್ತದೆ ಅಂತ ತೋರಿಸಿದರು. ಅದಕ್ಕೆ ಆಧಾರಗಳಿವೆ. 1987ರಲ್ಲಿ ಅರಬ್ ಮೂಲದ ಪ್ರೊಫೆಸರ್ ಒಬ್ಬರ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ವಂಶಮೂಲದ ಕಾರಣಕ್ಕೆ ಮಾಡುವ ತಾರತಮ್ಯವೂ ಹಳೆಯ ನಾಗರಿಕ ಹಕ್ಕು ಕಾಯ್ದೆಯ ಪ್ರಕಾರ ಜನಾಂಗೀಯ ತಾರತಮ್ಯವೇ ಅಂದಿತ್ತು. ವಂಶಮೂಲ ಅಂದ್ರೆ ಜಾತಿ ಅಲ್ಲದೆ ಇನ್ನೇನು? ಎದುರು ಕಡೆಯವರು, ಮುಖ್ಯವಾಗಿ ಹಿಂದೂ ಅಮೆರಿಕನ್ ಫೌಂಡೇಶನ್, ಹೇಳೋದು ಬೇರೆ: ಕಾನೂನಿನಲ್ಲಿ ಜಾತಿ ಅಂತ ಬರೆದರೆ ಒಂದು ಸಮುದಾಯವನ್ನೇ ಗುರಿ ಮಾಡಿದಂತೆ, ಹಿಂದೂಗಳನ್ನೆಲ್ಲ ಅಪರಾಧಿಗಳಂತೆ ನೋಡಿದಂತೆ. ಲಿಂಗ ತಾರತಮ್ಯ ಅಂತ ಬರೆದರೆ ಗಂಡಸರೆಲ್ಲ ಅಪರಾಧಿಗಳಾಗ್ತಾರಾ? ಫೆಬ್ರವರಿ 21, 2023ರಂದು ಕ್ಷಮಾ ಸಾವಂತ್ ಅವರ ಪ್ರಯತ್ನದಿಂದ ಸಿಯಾಟಲ್ ನಗರಸಭೆ 6–1 ಮತದಲ್ಲಿ ಜಾತಿ ಎಂಬ ಪದವನ್ನೇ ತನ್ನ ಕಾನೂನಿಗೆ ಸೇರಿಸಿತು. ಕ್ಷಮಾ ತಾವೇ ಹೇಳಿಕೊಂಡಂತೆ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದವರು.

ಈಗ ಹಾರ್ಲನ್ ಮಾತಿಗೆ ಬರೋಣ. ಜೂನ್ 29, 2023ರಂದು ಅಮೆರಿಕದ ಸುಪ್ರೀಂ ಕೋರ್ಟು ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ರದ್ದು ಮಾಡಿತು. ಸಂವಿಧಾನ ಬಣ್ಣ ನೋಡುವುದಿಲ್ಲ ಎಂಬ ಹಾರ್ಲನ್ ಮಾತು ಆ ತೀರ್ಪಿನ ಬೆನ್ನೆಲುಬು. ಕಪ್ಪು ಮನುಷ್ಯನನ್ನು ರೈಲಿನಲ್ಲಿ ಕೂರಿಸಲು ಆಡಿದ ಮಾತಿನಿಂದಲೇ ಕಪ್ಪು ಮಕ್ಕಳಿಗೆ ಕಾಲೇಜಿನಲ್ಲಿದ್ದ ಸಣ್ಣ ಆಸರೆಯನ್ನು ತೆಗೆದರು. ಅಪ್ಪ ಓದಿದ ಕಾಲೇಜಿನಲ್ಲಿ ಮಗನಿಗೆ ಸಿಗುವ ವಿಶೇಷ ಅವಕಾಶಕ್ಕೆ ಮಾತ್ರ ಆ ತೀರ್ಪಿನಿಂದ ಏನೂ ಆಗಲಿಲ್ಲ. ಭಿನ್ನಮತ ಬರೆದ ನ್ಯಾಯಮೂರ್ತಿ ಕೆಟಾಂಜಿ ಬ್ರೌನ್ ಜಾಕ್ಸನ್ ಅವರ ವಾದ ನಮ್ಮ ಕೇರಿಯ ಅಜ್ಜಿಗೂ ಅರ್ಥ ಆಗುತ್ತೆ: ಕಾನೂನು ನೋಡೋದಿಲ್ಲ ಅಂದ ಮಾತ್ರಕ್ಕೆ ಬದುಕಿನಲ್ಲಿ ಇರೋದು ಮಾಯ ಆಗೋದಿಲ್ಲ.

ಆ ದಿನ ನಮ್ಮ ಕೆಲವು ಗೆಳೆಯರು "ಅಮೆರಿಕ ಹಾಳಾಯಿತು" ಅಂತ ಬರೆದರು. ಆದರೆ ಈ ದಾರಿಯಲ್ಲಿ ನಾವು ಅವರಿಗಿಂತ ಮೊದಲೇ ನಡೆದಿದ್ದೇವೆ, ಅದೂ ನಮ್ಮ ಮೈಸೂರು ರಾಜ್ಯದ ಕೇಸಿನಲ್ಲೇ. 1962ರ ಜುಲೈ 31ರ ಆದೇಶದಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3, ಒಟ್ಟು ಶೇ 68 ಮೀಸಲಿಟ್ಟಿತು. ಹಿಂದೆ ನಾಗನಗೌಡ ಸಮಿತಿಯ ವರದಿ ಇತ್ತು. ಎಂ.ಆರ್. ಬಾಲಾಜಿ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. ಎರಡೇ ತಿಂಗಳು, ಸೆಪ್ಟೆಂಬರ್ 28ಕ್ಕೆ ತೀರ್ಪು. ಜಾತಿಯೊಂದನ್ನೇ ಅಳತೆಗೋಲು ಮಾಡಬಾರದು, ವಿಶೇಷ ಅವಕಾಶ ಸಾಮಾನ್ಯವಾಗಿ ಶೇ 50ರ ಒಳಗಿರಬೇಕು, ಇದು ಸಂವಿಧಾನಕ್ಕೆ ಮಾಡಿದ ವಂಚನೆ ಅಂತ ಆದೇಶ ರದ್ದಾಯಿತು. ಆ 50 ಸಂವಿಧಾನದ ಯಾವ ವಿಧಿಯಲ್ಲೂ ಇಲ್ಲ. ಅಮೆರಿಕದಲ್ಲಿ ಮೆಡಿಕಲ್ ಕಾಲೇಜಿನ 100ರಲ್ಲಿ 16 ಸೀಟು ಇಟ್ಟದ್ದನ್ನು ಬಾಕಿ ಕೇಸಿನಲ್ಲಿ ಹೊಡೆದುಹಾಕಿದ್ದು 1978ರಲ್ಲಿ, ಅಂದ್ರೆ ನಮ್ಮ ಬಾಲಾಜಿ ಕೇಸಿನ 16 ವರ್ಷದ ಮೇಲೆ.

1992ರಲ್ಲಿ ಇಂದ್ರಾ ಸಾಹ್ನಿ ಕೇಸಿನಲ್ಲಿ ಆ 50 ಗಟ್ಟಿಯಾಯಿತು. 2022ರಲ್ಲಿ ಕರ್ನಾಟಕ ಪರಿಶಿಷ್ಟ ಜಾತಿಗೆ 15ರಿಂದ 17, ಪಂಗಡಕ್ಕೆ 3ರಿಂದ 7 ಮಾಡಿದಾಗ ಎದುರು ನಿಂತದ್ದೂ ಅದೇ 50. ಸಂಡೂರು ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರ, ಈ 3 ಮತ್ತು 7ರ ನಡುವೆ ಎಷ್ಟು ಮನೆಗಳ ಬದುಕಿದೆ ಅಂತ ಇಲ್ಲಿನವರಿಗೆ ಗೊತ್ತು. ಅದೇ ವರ್ಷ ನವೆಂಬರ್ 7ರಂದು ಮೇಲ್ಜಾತಿ ಬಡವರ ಶೇ 10ರ ವಿಷಯ ಬಂದಾಗ ಮಾತ್ರ ಸುಪ್ರೀಂ ಕೋರ್ಟು 3–2ರಲ್ಲಿ ಅದನ್ನು ಎತ್ತಿಹಿಡಿಯಿತು, 50ರ ಗೆರೆ ಅಲುಗಾಡಿಸಲಾಗದ್ದೇನಲ್ಲ ಅಂತು. ಅರವತ್ತು ವರ್ಷ ನಮಗೆ ಕಲ್ಲಾಗಿದ್ದ ಗೆರೆ ಅವರಿಗೆ ರಬ್ಬರ್ ಆಯಿತು.

ಮತ್ತೆ ಆ "ಅನಗತ್ಯ" ಎಂಬ ಪದಕ್ಕೆ ಬರ್ತೀನಿ. ಹೊಡೆದರೆ, ಮನೆ ಸುಟ್ಟರೆ ಐಪಿಸಿ ಇತ್ತಲ್ಲ, 1989ರ ಅಟ್ರಾಸಿಟಿ ಕಾಯ್ದೆ ಯಾಕೆ ಬೇಕಿತ್ತು ಅಂತ ಇವತ್ತಿಗೂ ಕೇಳುವವರಿದ್ದಾರೆ. ದೂರ ಹೋಗೋದು ಬೇಡ, ಕಂಪ್ಲಿ ಸೇತುವೆ ದಾಟಿ ಗಂಗಾವತಿ ತಾಲ್ಲೂಕಿನ ಮರಕುಂಬಿಗೆ ಹೋಗಿ. ಆಗಸ್ಟ್ 28, 2014ರಂದು ಅಲ್ಲಿ ದಲಿತರ ಮೇಲೆ ದಾಳಿ ಮಾಡಿ ಗುಡಿಸಲುಗಳಿಗೆ ಬೆಂಕಿ ಇಟ್ಟರು. ಹತ್ತು ವರ್ಷ ಆದಮೇಲೆ, ಅಕ್ಟೋಬರ್ 24, 2024ರಂದು ಕೊಪ್ಪಳದ ಕೋರ್ಟು 101 ಜನರಿಗೆ ಶಿಕ್ಷೆ ಕೊಟ್ಟಿತು. 98 ಜನರಿಗೆ ಜೀವಾವಧಿ. ಉಳಿದ ಮೂವರು ಪರಿಶಿಷ್ಟ ಸಮುದಾಯದವರೇ ಆಗಿದ್ದರಿಂದ ಅಟ್ರಾಸಿಟಿ ಕಾಯ್ದೆ ಅವರಿಗೆ ಹತ್ತಲಿಲ್ಲ, ಅವರಿಗೆ 5 ವರ್ಷ. ಒಂದೇ ಊರು, ಒಂದೇ ದಿನ, ಒಂದೇ ಕೇಸು. ಜಾತಿಯ ಹೆಸರು ಹಿಡಿದು ಬರೆದ ಕಾಯ್ದೆ ಇದ್ದರೆ ಜೀವಾವಧಿ, ಇಲ್ಲದಿದ್ದರೆ 5 ವರ್ಷ. ಕಾನೂನಿನಲ್ಲಿ ಹೆಸರು ಯಾಕೆ ಬೇಕು ಅಂತ ಕೇಳುವ ಅಮೆರಿಕದ ಪ್ರೊಫೆಸರುಗಳಿಗೂ ಗವರ್ನರಿಗೂ ಈ ಒಂದು ತೀರ್ಪನ್ನು ಇಂಗ್ಲಿಷಿಗೆ ಮಾಡಿ ಕಳಿಸಬೇಕು ಅಂತ ನನ್ನ ಆಸೆ. (ಆಮೇಲೆ ಹೈಕೋರ್ಟಿನ ಧಾರವಾಡ ಪೀಠ ಬಹುತೇಕರಿಗೆ ಜಾಮೀನು ಕೊಟ್ಟಿತು. ಅದು ಇನ್ನೊಂದು ಪೋಸ್ಟಿನ ಕಥೆ.)

ನಮ್ಮ ಕಡೆಯಿಂದಲೂ ಈಗ ಮಕ್ಕಳು ಓದೋದಕ್ಕೆ, ಕೆಲಸಕ್ಕೆ ಹೊರದೇಶಕ್ಕೆ ಹೋಗ್ತಿದ್ದಾರೆ. ಅವರಿಗೆ ಇಷ್ಟು ತಿಳಿಸಿ. ಸಿಯಾಟಲ್‌ನಲ್ಲಿ ಜಾತಿ ಅಂತಲೇ ಹೆಸರು ಹಾಕಿ ದೂರು ಕೊಡಬಹುದು. ಕ್ಯಾಲಿಫೋರ್ನಿಯಾದ ಫ್ರೆಸ್ನೋ ನಗರವೂ 2023ರ ಸೆಪ್ಟೆಂಬರ್‌ನಲ್ಲಿ ಜಾತಿಯನ್ನು ಸೇರಿಸಿದೆ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಕ್ಯಾಂಪಸ್‌ಗಳಲ್ಲಿ ಓದುವವರಿಗೆ 2022ರಿಂದಲೇ ನಿಯಮ ಇದೆ. ಆ ರಾಜ್ಯದ ಬೇರೆ ಕಡೆ ಕೆಲಸ ಮಾಡುವವರು "ವಂಶಮೂಲ" ಎಂಬ ಕಾಲಂನಡಿ ದೂರು ಬರೆಯಲಿ, ಎಚ್‌ಆರ್‌ನವರು ಏನೇ ಉತ್ತರ ಕೊಟ್ಟರೂ ಈಮೇಲಿನಲ್ಲಿ ಬರೆದುಕೊಡಿ ಅನ್ನಲಿ. ಇಂಥ ಕಾನೂನೇ ಇಲ್ಲ ಅಂದರೆ ಗವರ್ನರ್ ನ್ಯೂಸಮ್ ಅವರ ವೀಟೋ ಪತ್ರದ ಪ್ರತಿಯನ್ನೇ ದೂರಿನ ಜೊತೆ ಲಗತ್ತಿಸಲಿ.